ಕಿಂಗ್ ಹೆಸರಿನ ರಸ್ತೆ ಹತ್ತು ತಿಂಗಳೊಳಗೆ ವಾಪಸ್: ಕಾನ್ಸಾಸ್ ಸಿಟಿ ಎಡವಿದ್ದು ಎಲ್ಲಿ?

ಅಡ್ಡರಸ್ತೆ (ಪ್ರಶ್ನೆ)

ನಗರಾಡಳಿತದ ಬಗೆಗಿನ ಒಂದು ಟಿಪ್ಪಣಿಗೆ ಮಾಹಿತಿ ಬೇಕಿದೆ. ಅಮೆರಿಕದ ಮಿಸೌರಿ ರಾಜ್ಯದ ಕಾನ್ಸಾಸ್ ಸಿಟಿಯಲ್ಲಿ 'ದಿ ಪಸೇಯೋ' ಅನ್ನುವ ಹಳೆಯ ಬುಲೆವಾರ್ಡಿಗೆ (ಸಾಲುಮರಗಳ ಅಗಲ ರಸ್ತೆಗೆ) 2019ರ ಜನವರಿಯಲ್ಲಿ ಡಾ. ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಹೆಸರಿಟ್ಟರು. ಅದೇ ನವೆಂಬರಿನಲ್ಲಿ ಊರಿನವರು ಮತ ಹಾಕಿ ಹಳೆಯ ಹೆಸರನ್ನೇ ವಾಪಸ್ ತಂದರು. ಪತ್ರಿಕೆಗಳಲ್ಲಿ ಬಂದದ್ದೆಲ್ಲ 'ಪರ' ಮತ್ತು 'ವಿರೋಧ'ದ ಹೇಳಿಕೆಗಳೇ. ನನಗೆ ಬೇಕಾಗಿರುವುದು ಒಳಗಿನ ಲೆಕ್ಕ: ಹೆಸರು ಬದಲಿಸುವ ಅಧಿಕಾರ ಯಾರದ್ದು, ಯಾವ ಹಂತದಲ್ಲಿ ಕೈತಪ್ಪಿತು, ಮನೆ ವಿಳಾಸ, ಅಂಚೆ, ತುರ್ತು ಸೇವೆ ಇವೆಲ್ಲ ಏನಾಗುತ್ತವೆ? ಕೊನೆಗೆ ಅದೇ ಊರಿನಲ್ಲಿ 2021ರಲ್ಲಿ ಇನ್ನೊಂದು ರಸ್ತೆಗೆ ಕಿಂಗ್ ಹೆಸರು ಇಟ್ಟಾಗ ಅಂಥ ಗಲಾಟೆ ಯಾಕೆ ಆಗಲಿಲ್ಲ? ಬಲ್ಲವರು ತಿಳಿಸಿ.

ಪಾಲಿಕೆಪುರಾಣ

ಮೊದಲು ರಸ್ತೆಯ ಬಗ್ಗೆ ಎರಡು ಮಾತು. ಅದಿಲ್ಲದೆ ಜಗಳ ಅರ್ಥವಾಗಲ್ಲ. ಪಸೇಯೋ ಊರಿನ ಪೂರ್ವ ಭಾಗದಲ್ಲಿ ಉತ್ತರ ದಕ್ಷಿಣವಾಗಿ ಸುಮಾರು 10 ಮೈಲಿ, ಅಂದರೆ 16 ಕಿ.ಮೀ. ಉದ್ದ ಹೋಗುತ್ತೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜಾರ್ಜ್ ಕೆಸ್ಲರ್ ಅನ್ನುವ ಭೂದೃಶ್ಯ ವಿನ್ಯಾಸಕಾರ ಊರಿಗೆಲ್ಲ ಉದ್ಯಾನ ಮತ್ತು ಬುಲೆವಾರ್ಡುಗಳ ಜಾಲ ಹಾಕಿಕೊಟ್ಟ. ಅದರ ಮುಕುಟದಂತಿದ್ದ ರಸ್ತೆ ಇದು. ಹೆಸರು ಬಂದದ್ದು ಮೆಕ್ಸಿಕೋ ಸಿಟಿಯ 'ಪಸೇಯೋ ದೆ ಲಾ ರಿಫಾರ್ಮಾ'ದಿಂದ. ಯಾರೋ ಗುಲಾಮರ ಒಡೆಯನ ಹೆಸರನ್ನೋ ಸೇನಾಪತಿಯ ಹೆಸರನ್ನೋ ಅಳಿಸುವ ಪ್ರಶ್ನೆ ಇಲ್ಲಿ ಇರಲೇ ಇಲ್ಲ, ಇದು ಮುಖ್ಯ. ಹಳೆಯ ಹೆಸರಿನ ಮೇಲೆ ಯಾರಿಗೂ ಕೋಪ ಇಲ್ಲದಿದ್ದಾಗ ಅದನ್ನು ತೆಗೆಯಲು ಕಾರಣ ಹೇಳುವುದು ಕಷ್ಟ.

ಇನ್ನು ನಡೆದದ್ದು. ಕಿಂಗ್ ಅವರೇ ಮೊದಲ ಅಧ್ಯಕ್ಷರಾಗಿದ್ದ ಸದರ್ನ್ ಕ್ರಿಶ್ಚಿಯನ್ ಲೀಡರ್‌ಶಿಪ್ ಕಾನ್ಫರೆನ್ಸ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಸ್ಥಳೀಯ ಘಟಕ ಬೇಡಿಕೆ ಇಟ್ಟಿತು. ಊರಿನ ಮೊದಲ ಕಪ್ಪು ಮೇಯರ್ ಆಗಿದ್ದು ಆಮೇಲೆ ಸಂಸತ್ತಿಗೆ ಹೋದ ಇಮ್ಯಾನ್ಯುಯೆಲ್ ಕ್ಲೀವರ್ ಬೆಂಬಲಕ್ಕೆ ನಿಂತರು. ಕಾನ್ಸಾಸ್ ಸಿಟಿಯಲ್ಲಿ ಬುಲೆವಾರ್ಡು, ಪಾರ್ಕ್‌ವೇಗಳನ್ನು ನೋಡಿಕೊಳ್ಳುವುದು ಪಾರ್ಕ್ಸ್ ಬೋರ್ಡ್, ಅಂದರೆ ನಗರದ ಉದ್ಯಾನ ಮಂಡಳಿ. 2018ರಲ್ಲಿ ಅದು ಒಪ್ಪಲಿಲ್ಲ. ಮೇಯರ್ ಸ್ಲೈ ಜೇಮ್ಸ್ ಒಂದು ಸಲಹಾ ಸಮಿತಿ ಮಾಡಿದರು. ಸಮಿತಿಯ ಮೊದಲ ಆಯ್ಕೆ ಹೊಸ ವಿಮಾನ ನಿಲ್ದಾಣದ ಟರ್ಮಿನಲ್, ಎರಡನೆಯದು 63ನೇ ಬೀದಿ, ಮೂರನೆಯದು ಪಸೇಯೋ. ನಗರ ಕೌನ್ಸಿಲ್ ಹಿಡಿದದ್ದು ಆ ಮೂರನೆಯದನ್ನು. 2019ರ ಜನವರಿ 24ರಂದು 8–4 ಮತಗಳಿಂದ ಸುಗ್ರೀವಾಜ್ಞೆಯಷ್ಟೇ ಅವಸರದಲ್ಲಿ ಪಾಸಾಯಿತು.

ಕೈತಪ್ಪಿದ್ದು ಇಲ್ಲೇ. ರಸ್ತೆ ಹೆಸರು ಬದಲಿಸಬೇಕಾದರೆ ಆ ರಸ್ತೆಯ ಆಸ್ತಿ ಮಾಲೀಕರಲ್ಲಿ 75% ಜನ ಒಪ್ಪಬೇಕು ಅಂತ ಊರಿನದೇ ನಿಯಮ ಇತ್ತು. ಕೌನ್ಸಿಲ್ ಆ ನಿಯಮವನ್ನು ಈ ಒಂದು ಪ್ರಕರಣಕ್ಕೆ ಮನ್ನಾ ಮಾಡಿಕೊಂಡಿತು. ಕಾನೂನಿನ ಪ್ರಕಾರ ತಾನೇ ಮಾಡಿದ ನಿಯಮವನ್ನು ತಾನೇ ಸಡಿಲಿಸಬಹುದು, ಸರಿ. ಆದರೆ ಇದು ಮಗುವಿನ ತಾಯಿಯನ್ನೇ ಕರೆಯದೆ ನಾಮಕರಣ ಮಾಡಿದ ಹಾಗಾಯಿತು. 16 ಕಿ.ಮೀ. ರಸ್ತೆಗೆ 75% ಸಹಿ ಸಂಗ್ರಹಿಸುವುದು ಹೆಚ್ಚೂಕಡಿಮೆ ಅಸಾಧ್ಯ, ಅದೂ ನಿಜ. ಬೇರೆ ಊರಲ್ಲಿರುವ ಮಾಲೀಕರು, ಖಾಲಿ ನಿವೇಶನಗಳು, ಕಂಪನಿ ಹೆಸರಿನಲ್ಲಿರುವ ಬಾಡಿಗೆ ಮನೆಗಳು, ಇವರೆಲ್ಲರ ಸಹಿ ಎಲ್ಲಿಂದ ತರುವುದು? ಸಹಿ ತರಲಾಗದಿದ್ದರೆ ಕನಿಷ್ಠ ಪ್ರತಿ ಮನೆಗೆ ಅಂಚೆ ಕಾರ್ಡ್, ಮೂರು ನಾಲ್ಕು ಕಡೆ ಸಭೆ, ಬಾಡಿಗೆದಾರರ ಅಭಿಪ್ರಾಯ ಇಷ್ಟಾದರೂ ದಾಖಲೆಯಲ್ಲಿ ಇರಬೇಕಿತ್ತು.

ಮುಂದಿನದು ಸರಳ. 'ಸೇವ್ ದಿ ಪಸೇಯೋ' ಗುಂಪು ಏಪ್ರಿಲ್ ಹೊತ್ತಿಗೆ 2,857 ಸಹಿ ತಂದುಕೊಟ್ಟಿತು. ಮತದಾನಕ್ಕೆ ಇಡಲು ಬೇಕಿದ್ದದ್ದು 1,700 ಅಷ್ಟೇ. ನವೆಂಬರ್ 5ರಂದು ಹತ್ತಿರ ಹತ್ತಿರ 70% ಮತ ಹಳೆಯ ಹೆಸರಿಗೆ ಬಿತ್ತು. ಒಂದು ವಿಚಿತ್ರ ಗಮನಿಸಿ: ರಸ್ತೆಯವರನ್ನು ಕೇಳುವ ನಿಯಮ ತಪ್ಪಿಸಿದ್ದಕ್ಕೆ, ಕೊನೆಗೆ ಆ ರಸ್ತೆಯ ಮೇಲೆ ಕಾಲಿಡದವರೂ ಸೇರಿ ಇಡೀ ಊರೇ ತೀರ್ಮಾನ ಮಾಡಿತು. ಹೊಸ ಫಲಕಗಳು ಅಷ್ಟರಲ್ಲಿ ಕಂಬ ಹತ್ತಿದ್ದವು, ಎಲ್ಲ ಇಳಿದವು.

ಪಿನ್‌ಕೋಡ್

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಒಂದು ತಿದ್ದುಪಡಿ: 'ಸುಗ್ರೀವಾಜ್ಞೆ' ಪದ ಬೇಡ, ನಮ್ಮ ಓದುಗರಿಗೆ ಬೇರೆ ಅರ್ಥ ಕೊಡುತ್ತೆ. ಅದು ಕೌನ್ಸಿಲ್ ಸಭೆಯಲ್ಲೇ ಪಾಸಾದ ನಗರ ಕಾಯ್ದೆ.

ನಾನು ವಿಳಾಸದ ಕಡೆ ಹೇಳ್ತೀನಿ. ಜನ ಹೆದರುವುದು ತಪ್ಪು ವಿಷಯಕ್ಕೆ, ಎಡವುವುದು ಬೇರೆ ವಿಷಯಕ್ಕೆ.

ಮನೆ ಪತ್ರ ಬದಲಿಸಬೇಕಾ ಅಂತ ಎಲ್ಲರೂ ಕೇಳ್ತಾರೆ. ಬೇಡ. ಅಲ್ಲಿನ ಕ್ರಯಪತ್ರ ಆಸ್ತಿಯನ್ನು ಗುರುತಿಸುವುದು ಲಾಟ್ ಮತ್ತು ಬ್ಲಾಕ್ ಸಂಖ್ಯೆಯಿಂದ, ಅಥವಾ ಚೆಕ್ಕುಬಂದಿ ಅಳತೆಯಿಂದ. ರಸ್ತೆ ಹೆಸರಿನಿಂದ ಅಲ್ಲ. ಸಾಲಪತ್ರವೂ ಹಾಗೇ. ಬದಲಾಗಬೇಕಾದದ್ದು ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ವಿಮೆ, ಬ್ಯಾಂಕ್, ಅಂಗಡಿಯಾದರೆ ರಾಜ್ಯದಲ್ಲಿ ನೋಂದಾಯಿಸಿದ ವಿಳಾಸ, ಬಿಲ್ ಪುಸ್ತಕ, ವ್ಯಾನಿನ ಮೇಲಿನ ಬರಹ. ಒಬ್ಬ ಅಂಗಡಿಯವನ ವಿರೋಧ ಬಹಳ ಸಲ ಈ ಕೊನೆಯ ಎರಡು ಖರ್ಚಿನದ್ದೇ ಆಗಿರುತ್ತೆ, ಸಿದ್ಧಾಂತದ್ದಲ್ಲ. ಚುನಾವಣೆ, ತೆರಿಗೆ, ನೀರಿನ ಬಿಲ್ಲಿನ ಪಟ್ಟಿಗಳನ್ನು ನಗರಸಭೆ ತಾನೇ ಒಟ್ಟಿಗೆ ಬದಲಿಸಿಕೊಟ್ಟರೆ ನಾಗರಿಕನ ಮೇಲಿನ ಹೊರೆ ಅರ್ಧ ಇಳಿಯುತ್ತೆ.

ಅಂಚೆ ಇಲಾಖೆ ರಸ್ತೆಗೆ ಹೆಸರಿಡಲ್ಲ, ಸ್ಥಳೀಯ ಆಡಳಿತ ಇಟ್ಟದ್ದನ್ನು ತನ್ನ ಪಟ್ಟಿಗೆ ಹಾಕಿಕೊಳ್ಳುತ್ತೆ. ಮನೆ ಸಂಖ್ಯೆ ಬದಲಾಗದೆ ಹೆಸರು ಮಾತ್ರ ಬದಲಾದರೆ ಹಳೆಯ ಹೆಸರನ್ನು ಪರ್ಯಾಯವಾಗಿ ಇಟ್ಟುಕೊಂಡು ಕಾಗದ ಮುಟ್ಟಿಸ್ತಾರೆ. ಸಂಖ್ಯೆಯನ್ನೂ ಬದಲಿಸಿದರೆ ಕಥೆ ಮುಗೀತು. ಆದ್ದರಿಂದ ಮೊದಲ ನಿಯಮ: ಹೆಸರು ಮುಟ್ಟಿದರೆ ಸಂಖ್ಯೆ ಮುಟ್ಟಬೇಡಿ. ಎರಡು ಮೂರು ರಸ್ತೆ ಸೇರಿಸಿ ಒಂದೇ ಹೆಸರು ಕೊಡುವಾಗ ಮಾತ್ರ ಒಂದೇ ಸಂಖ್ಯೆ ಎರಡು ಕಡೆ ಬರುತ್ತಾ ಅಂತ ಮೊದಲೇ ಪಟ್ಟಿ ಹಾಕಿ ನೋಡಬೇಕು.

911 ತುರ್ತು ಸೇವೆ ಇನ್ನೂ ಸೂಕ್ಷ್ಮ. ಸ್ಥಿರ ದೂರವಾಣಿಯಿಂದ ಕರೆ ಬಂದರೆ ಆಪರೇಟರ್ ಮುಂದೆ ವಿಳಾಸ ತಾನಾಗಿ ಮೂಡುತ್ತೆ. ಆ ವಿಳಾಸ ಫೋನ್ ಕಂಪನಿಯ ದಾಖಲೆಯಿಂದ ಬರುತ್ತೆ, ಅದನ್ನು ಮಾಸ್ಟರ್ ಸ್ಟ್ರೀಟ್ ಅಡ್ರೆಸ್ ಗೈಡ್ ಎಂಬ ಪಟ್ಟಿಗೆ ತಾಳೆ ನೋಡಲಾಗುತ್ತೆ. ಒಂದು ಕಡೆ ಹಳೆಯ ಹೆಸರು, ಇನ್ನೊಂದು ಕಡೆ ಹೊಸ ಹೆಸರು ಇದ್ದರೆ ತಾಳೆ ತಪ್ಪಿ ದೋಷದ ಪಟ್ಟಿಗೆ ಬೀಳುತ್ತೆ. ಎರಡನ್ನೂ ಒಂದೇ ದಿನ ಬದಲಿಸಬೇಕು. ಮೊಬೈಲಿನಿಂದ ಕರೆ ಮಾಡುವವರಂತೂ ವರ್ಷಗಟ್ಟಲೆ ಹಳೆಯ ಹೆಸರನ್ನೇ ಕೂಗ್ತಾರೆ. ಆಂಬುಲೆನ್ಸ್ ಕಳಿಸುವ ತಂತ್ರಾಂಶದಲ್ಲಿ ಹಳೆಯ ಹೆಸರು ಶಾಶ್ವತವಾಗಿ ಇರಲೇಬೇಕು, ಅದನ್ನು ಅಳಿಸುವುದು ಶುದ್ಧ ತಪ್ಪು.

ಇನ್ನು ಯಾರೂ ಯೋಚಿಸದ ತೊಡಕು 'ಡಿಆರ್' ಎಂಬ ಎರಡಕ್ಷರ. ಇಂಗ್ಲಿಷಿನಲ್ಲಿ ಡಾಕ್ಟರ್‌ಗೂ ಡ್ರೈವ್‌ಗೂ ಅದೇ ಸಂಕ್ಷೇಪ. ಶಿಕಾಗೋದಲ್ಲಿ 1968ರಲ್ಲಿ ಸೌತ್ ಪಾರ್ಕ್‌ವೇಗೆ ಕಿಂಗ್ ಹೆಸರಿಟ್ಟರು. ಈಗ ಅದರ ವಿಳಾಸ ಬರೆಯುವ ರೀತಿ ನೋಡಿ: 'ಎಸ್ ಡಿಆರ್ ಮಾರ್ಟಿನ್ ಲೂಥರ್ ಕಿಂಗ್ ಜೆಆರ್ ಡಿಆರ್'. ಎಸ್ ಅಂದರೆ ಸೌತ್, ಮೊದಲ ಡಿಆರ್ ಡಾಕ್ಟರ್, ಕೊನೆಯದು ಡ್ರೈವ್, ನಡುವೆ ಜೂನಿಯರ್. ವಿಳಾಸ ಒಡೆಯುವ ತಂತ್ರಾಂಶ ಯಾವುದು ಹೆಸರು, ಯಾವುದು ಬಾಲ ಅಂತ ತಲೆ ಕೆರೆದುಕೊಳ್ಳುತ್ತೆ. ಕೆಲವರು 'ಎಂ ಎಲ್ ಕಿಂಗ್', ಕೆಲವರು 'ಎಂಎಲ್‌ಕೆ', ಕೆಲವರು ಬರೀ 'ಕಿಂಗ್ ಡ್ರೈವ್'. ಕಾಯ್ದೆಯ ಪಠ್ಯದಲ್ಲೇ ಅಧಿಕೃತ ರೂಪ ಒಂದು, ಒಪ್ಪುವ ಸಂಕ್ಷೇಪ ಒಂದು ಅಂತ ಅಕ್ಷರ ಬಿಡದೆ ಬರೆದಿಡಬೇಕು. ಚುಕ್ಕೆ ಇದೆಯೋ ಇಲ್ಲವೋ ಅನ್ನುವುದೂ ಸೇರಿ.

ಕೈಕಂಬ

ಫಲಕದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಸೇರಿಸ್ತೀನಿ.

ಅಮೆರಿಕದಲ್ಲಿ ಸಂಚಾರ ಫಲಕಗಳಿಗೆ ಒಂದು ರಾಷ್ಟ್ರೀಯ ಕೈಪಿಡಿ ಇದೆ. ಕಂಬದ ಮೇಲಿನ ಬೀದಿ ಹೆಸರಿನ ಫಲಕಕ್ಕೆ ಸಾಮಾನ್ಯವಾಗಿ ದೊಡ್ಡಕ್ಷರ 6 ಇಂಚು, ಚಿಕ್ಕಕ್ಷರ 4.5 ಇಂಚು ಎತ್ತರ ಇರಬೇಕು. ವೇಗಮಿತಿ 25 ಮೈಲಿ ಅಥವಾ ಕಡಿಮೆ ಇರುವ ಒಳರಸ್ತೆಗೆ 4 ಮತ್ತು 3 ಇಂಚು ನಡೆಯುತ್ತೆ. ಬಹುಪಥ ರಸ್ತೆಯಲ್ಲಿ ವೇಗಮಿತಿ 40 ದಾಟಿದರೆ 8 ಮತ್ತು 6. ರಸ್ತೆ ಮೇಲೆ ತೂಗುವ ಫಲಕವಾದರೆ 12 ಮತ್ತು 9.

ಈಗ ಲೆಕ್ಕ ಹಾಕಿ. 'ದಿ ಪಸೇಯೋ' ಇಂಗ್ಲಿಷಿನಲ್ಲಿ ಖಾಲಿ ಜಾಗ ಸೇರಿ 9 ಅಕ್ಷರ. 'ಡಿಆರ್ ಮಾರ್ಟಿನ್ ಲೂಥರ್ ಕಿಂಗ್ ಜೆಆರ್ ಬಿಎಲ್‌ವಿಡಿ' (ಕೊನೆಯದು ಬುಲೆವಾರ್ಡ್‌ನ ಸಂಕ್ಷೇಪ) 29. ಒಂದಕ್ಷರಕ್ಕೆ ಸರಾಸರಿ 3.5 ಇಂಚು ಅಗಲ ಹಿಡಿದರೂ ನೂರು ಇಂಚು ದಾಟುತ್ತೆ, ಅಂದರೆ ಎಂಟಡಿಗೂ ಹೆಚ್ಚು. ಎರಡೂವರೆ ಮೂರಡಿ ಫಲಕಕ್ಕೆ ಮಾಡಿದ ಹಿಡಿಕೆಯಲ್ಲಿ ಎಂಟಡಿ ತಗಡು ನಿಲ್ಲಲ್ಲ, ಗಾಳಿಗೆ ತಿರುಚುತ್ತೆ. ಸಿಗ್ನಲ್ ತೋಳಿಗೆ ತೂಗುಹಾಕುವುದಾದರೆ ಆ ತೋಳು ಗಾಳಿಯ ಒತ್ತಡ ತಡೆಯುತ್ತಾ ಅಂತ ಎಂಜಿನಿಯರ್ ಮತ್ತೆ ಲೆಕ್ಕ ಹಾಕಬೇಕು. ಅದಕ್ಕೇ ಎಲ್ಲೆಲ್ಲೂ ಎರಡು ಸಾಲಿನ ಫಲಕ, ಇಲ್ಲವೇ 'ಎಂ ಎಲ್ ಕಿಂಗ್' ಅಂತ ಮೊಟಕು. ಅಕ್ಷರ ಕುಗ್ಗಿಸಿ ತುರುಕಿದರೆ ರಾತ್ರಿ ಹೊತ್ತು ಕಾರಿನಿಂದ ಓದಲು ಆಗಲ್ಲ, ಹೆಸರಿಟ್ಟೂ ಪ್ರಯೋಜನ ಇಲ್ಲ.

ಇನ್ನೊಂದು: ಹೆದ್ದಾರಿಯಿಂದ ಇಳಿಯುವ ಕಡೆ ಇರುವ ದೊಡ್ಡ ಹಸಿರು ಫಲಕ ನಗರಸಭೆಯದ್ದಲ್ಲ, ರಾಜ್ಯ ಸಾರಿಗೆ ಇಲಾಖೆಯದ್ದು. ನಗರದ ಕಾಯ್ದೆ ಪಾಸಾದ ಮಾತ್ರಕ್ಕೆ ಅದು ಬದಲಾಗಲ್ಲ. ಹೆದ್ದಾರಿಯಲ್ಲಿ ಒಂದು ಹೆಸರು ನೋಡಿ ಇಳಿದವನಿಗೆ ಕೆಳಗೆ ಇನ್ನೊಂದು ಹೆಸರು ಕಂಡರೆ ಕಕ್ಕಾಬಿಕ್ಕಿ. ರಾಜ್ಯದಿಂದ ದಿನಾಂಕ ಗೊತ್ತುಮಾಡಿಸಿಕೊಂಡ ಮೇಲೇ ಕಾಯ್ದೆ ಜಾರಿಯ ದಿನ ಇಡಬೇಕು.

ಗಡಿರೇಖೆ

ಎಲ್ಲರೂ ಫಲಕ, ಅಂಚೆ ಅಂತ ಮಾತಾಡ್ತಿದ್ದೀರಿ. ನಿಯಮ ಪಾಲಿಸಿದ್ದರೆ ಎಲ್ಲ ಸುಸೂತ್ರ ಆಗ್ತಿತ್ತು ಅನ್ನುವ ಹಾಗೆ. ನನಗೆ ಒಪ್ಪಿಗೆ ಇಲ್ಲ. ಅಮೆರಿಕದಲ್ಲಿ ಸಾವಿರದ ಆಸುಪಾಸು ರಸ್ತೆಗಳಿಗೆ ಕಿಂಗ್ ಹೆಸರಿದೆ, ಅವುಗಳಲ್ಲಿ ಬಹುಪಾಲು ಕಪ್ಪು ಜನರ ಬಡಾವಣೆಯೊಳಗೇ ಶುರುವಾಗಿ ಅಲ್ಲೇ ಮುಗಿಯುತ್ತವೆ. ಅದು ಕಾಕತಾಳೀಯ ಅಲ್ಲ. ಪ್ರಸ್ತಾವ ಬಿಳಿಯರ ವ್ಯಾಪಾರಿ ಬೀದಿಗೆ ಬಂದ ತಕ್ಷಣ 'ಖರ್ಚು', 'ಇತಿಹಾಸ', 'ಪ್ರಕ್ರಿಯೆ' ಅನ್ನುವ ಮಾತು ಎದ್ದೇಳುತ್ತೆ.

ಟೆಕ್ಸಾಸಿನ ಆಸ್ಟಿನ್ ನೋಡಿ. 1975ರಲ್ಲಿ 19ನೇ ಬೀದಿಗೆ ಕಿಂಗ್ ಹೆಸರು ಅಂತಾಯಿತು. ಹೆದ್ದಾರಿ 35ರ ಪೂರ್ವಕ್ಕೆ, ಅಂದರೆ ಕಪ್ಪು ಜನರ ಕಡೆಗೆ ಮಾತ್ರ ಇರಲಿ, ಪಶ್ಚಿಮಕ್ಕೆ ಬೇಡ ಅಂತ ಒತ್ತಡ ಬಂತು. ಹಸ್ಟನ್–ಟಿಲ್ಲಟ್ಸನ್ ಕಾಲೇಜಿನ ಮಾಜಿ ಅಧ್ಯಕ್ಷ ಜೆ. ಜೆ. ಸೀಬ್ರೂಕ್ ಅವರು ಇಡೀ ಬೀದಿಗೆ ಹೆಸರಿಡಿ ಅಂತ ಕೌನ್ಸಿಲ್ ಮುಂದೆ ವಾದಿಸುತ್ತಲೇ ಹೃದಯಾಘಾತವಾಗಿ ತೀರಿಕೊಂಡರು. ಹೆಸರು ಹೆದ್ದಾರಿ ದಾಟಿತು, ಅಲ್ಲಿನ ಸೇತುವೆಗೆ ಈಗ ಅವರ ಹೆಸರೇ ಇದೆ. ಸ್ಯಾನ್ ಡಿಯಾಗೋದಲ್ಲಿ 1986ರಲ್ಲಿ ಮಾರ್ಕೆಟ್ ಸ್ಟ್ರೀಟಿಗೆ ಕಿಂಗ್ ಹೆಸರಿಟ್ಟರು, ವ್ಯಾಪಾರಿಗಳು ಸಹಿ ಸಂಗ್ರಹಿಸಿದರು, 1987ರಲ್ಲಿ ಮತದಾನದಿಂದ ಕಿತ್ತರು. ಕಾನ್ಸಾಸ್ ಸಿಟಿ ಅದರ ಪುನರಾವರ್ತನೆ. 75% ನಿಯಮವೇ ಒಂದು ಗೋಡೆ ಅಂತ ನನ್ನ ಅನಿಸಿಕೆ. ರಸ್ತೆಯ ಮೇಲೆ ಹಕ್ಕು ಇರುವುದು ಆಸ್ತಿ ಇದ್ದವನಿಗೆ ಮಾತ್ರಾನಾ? ಬಾಡಿಗೆಗೆ ಇರುವವನಿಗೆ, ಬಸ್ಸಿಗೆ ಕಾಯುವವನಿಗೆ ಇಲ್ವಾ?

ಪಾಲಿಕೆಪುರಾಣ

ಪಿನ್‌ಕೋಡ್ ಅವರೇ, ಪದದ ವಿಷಯ ಒಪ್ಪಿದೆ, ಸುಗ್ರೀವಾಜ್ಞೆ ಅಲ್ಲ.

ಗಡಿರೇಖೆಯವರ ಮಾತಿನಲ್ಲಿ ಹುರುಳಿದೆ. ಆಸ್ತಿ ಮಾಲೀಕರ ಶೇಕಡಾವಾರು ನಿಯಮ ಬಾಡಿಗೆದಾರರ ವಿರುದ್ಧ ವಾಲುತ್ತೆ ಅನ್ನುವುದು ನಿಜ, ಮತ್ತು ಆ ಚುನಾವಣೆಯಲ್ಲಿ ಜನಾಂಗದ ವಿಷಯ ಇರಲಿಲ್ಲ ಅಂತ ಯಾರೂ ಹೇಳಲಾರರು. ಮತದಾನದ ಹಿಂದಿನ ಭಾನುವಾರ ಪಸೇಯೋ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಕಿಂಗ್ ಹೆಸರಿನ ಪರ ಸಭೆ ನಡೆಯುತ್ತಿದ್ದಾಗ ವಿರೋಧಿಗಳು ಒಳಗೆ ಬಂದು ಸಾಲಾಗಿ ಮೌನವಾಗಿ ನಿಂತದ್ದು ನೋಡಿದವರಿಗೆ ಗೊತ್ತು, ಗಾಯ ಎಷ್ಟು ಆಳ ಅಂತ. ಆದರೆ ಸ್ಯಾನ್ ಡಿಯಾಗೋಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಅಲ್ಲಿ ವ್ಯಾಪಾರಿ ಬೀದಿ, ಇಲ್ಲಿ ಕಪ್ಪು ಜನರೇ ಹೆಚ್ಚು ವಾಸಿಸುವ ಬೀದಿ. ಇಲ್ಲಿ ನಿಯಮ ಮನ್ನಾ ಮಾಡಿ ತಪ್ಪಿಸಿದ್ದು ಅದೇ ಕಪ್ಪು ನಿವಾಸಿಗಳ ಸಮ್ಮತಿಯನ್ನು. 'ನಮ್ಮನ್ನು ಯಾರು ಕೇಳಿದರು' ಅನ್ನುವ ಒಂದೇ ವಾಕ್ಯ ಎದುರಾಳಿಗಳ ಕೈಗೆ ಸಿಕ್ಕಿತು, ಅದಕ್ಕೆ ಉತ್ತರ ಕೊಡಲು ಕೌನ್ಸಿಲ್ ಬಳಿ ಒಂದು ಕಾಗದವೂ ಇರಲಿಲ್ಲ. ನಿಯಮ ಕೆಟ್ಟದ್ದಾದರೆ ಮೊದಲು ನಿಯಮವನ್ನೇ ತಿದ್ದಿ, ಬಾಡಿಗೆದಾರರನ್ನೂ ಸೇರಿಸಿ, ಆಮೇಲೆ ಹೆಸರಿಗೆ ಕೈಹಾಕಬೇಕು. ಒಂದು ಸಲಕ್ಕೆ ಮಾತ್ರ ಮನ್ನಾ ಮಾಡಿಕೊಳ್ಳುವುದು ಅತ್ಯಂತ ದುಬಾರಿ ದಾರಿ.

ಅಡ್ಡರಸ್ತೆ

ಎಲ್ಲರಿಗೂ ಧನ್ಯವಾದ. ಎರಡು ಉಳಿದವು. ಹಳೆಯ ಹೆಸರು ಇಟ್ಟುಕೊಂಡೇ ಜೊತೆಗೆ ಕಿಂಗ್ ಹೆಸರನ್ನೂ ಹಾಕಬಹುದಿತ್ತಲ್ಲ? ಮತ್ತೆ 2021ರ ಕಥೆ?

ಪಿನ್‌ಕೋಡ್

ಜೋಡಿ ಹೆಸರು ಇದೆ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 125ನೇ ಬೀದಿಗೆ ಕಿಂಗ್ ಬುಲೆವಾರ್ಡ್ ಅನ್ನುವ ಜೊತೆ ಹೆಸರಿದೆ, ಕಾಗದ ಬರುವುದು 125ನೇ ಬೀದಿ ಅಂತಲೇ. ಶಿಕಾಗೋದಲ್ಲಿ ಗೌರವದ ಹೆಸರಿಗೆ ಕಂದು ಫಲಕ, ಅಧಿಕೃತ ಹೆಸರಿಗೆ ಹಸಿರು. ವಿಳಾಸ, 911, ನಕ್ಷೆ ಯಾವುದನ್ನೂ ಮುಟ್ಟಬೇಕಿಲ್ಲ, ಖರ್ಚು ತಗಡಿನದ್ದು ಮಾತ್ರ. ಕೊರತೆ ಏನೆಂದರೆ ಆ ಹೆಸರನ್ನು ಯಾರೂ ಬಳಸಲ್ಲ. ಲಕೋಟೆ ಮೇಲೆ ಬರೆಯದ ಹೆಸರು ಬಾಯಲ್ಲೂ ಬರಲ್ಲ. ಕಿಂಗ್ ಪರ ಹೋರಾಡುವವರು ಇದನ್ನು ಎರಡನೇ ದರ್ಜೆಯ ಗೌರವ ಅನ್ನುವುದು ಅದಕ್ಕೇ.

ನಡುದಾರಿ ಹಿಡಿದದ್ದು ನಾರ್ತ್ ಕ್ಯಾರೊಲೈನಾದ ಚಾಪೆಲ್ ಹಿಲ್. 2005ರಲ್ಲಿ ಏರ್‌ಪೋರ್ಟ್ ರೋಡ್ ಅಧಿಕೃತವಾಗಿ ಕಿಂಗ್ ಬುಲೆವಾರ್ಡ್ ಆಯಿತು, ಕೆಳಗೆ 'ಹಿಸ್ಟಾರಿಕ್ ಏರ್‌ಪೋರ್ಟ್ ರೋಡ್' ಅನ್ನುವ ಸಣ್ಣ ಫಲಕ ಉಳಿಯಿತು. ಅಧಿಕೃತ ಸ್ಥಾನ ಹೊಸ ಹೆಸರಿಗೆ, ನೆನಪಿನ ಸ್ಥಾನ ಹಳೆಯದಕ್ಕೆ. ಪಸೇಯೋಗೆ ಇದು ಹೊಂದುತ್ತಿತ್ತು ಅಂತ ನನ್ನ ಅಭಿಪ್ರಾಯ. ಜನರೇ ಸೇರಿ ತಯಾರಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲೂ ಇಂಥದ್ದಕ್ಕೆ ಜಾಗ ಇದೆ: 'ನೇಮ್' ಟ್ಯಾಗಿನಲ್ಲಿ ಹೊಸದು, 'ಓಲ್ಡ್ ನೇಮ್' ಟ್ಯಾಗಿನಲ್ಲಿ ಹಳೆಯದು. ಹಳೆಯದನ್ನು ಅಳಿಸಿದರೆ ಹುಡುಕಿದವರಿಗೆ ರಸ್ತೆಯೇ ಸಿಗಲ್ಲ.

ಹಳೇದಂಡು

ಜೋಡಿ ಹೆಸರಿನ ಗತಿ ನೋಡಲು ಅಮೆರಿಕಕ್ಕೇ ಹೋಗಬೇಕಿಲ್ಲ. ಬೆಂಗಳೂರಿನ ರೆಸಿಡೆನ್ಸಿ ರಸ್ತೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ, ಇನ್‌ಫ್ಯಾಂಟ್ರಿ ರಸ್ತೆ ಭಗವಾನ್ ಮಹಾವೀರ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ ಸಂಪಂಗಿ ರಾಮಸ್ವಾಮಿ ದೇವಸ್ಥಾನ ರಸ್ತೆ. ಆಟೋದವರಿಗೆ ಈ ಹೆಸರು ಹೇಳಿ ನೋಡಿ, ಮುಖ ನೋಡ್ತಾರೆ. ನಿಂತ ಹೆಸರುಗಳಿಗೆ ಇನ್ನೊಂದು ಗ್ರಹಚಾರ: ಎಂ.ಜಿ. ರಸ್ತೆ, ಕೆ.ಜಿ. ರಸ್ತೆ, ಜೆ.ಸಿ. ರಸ್ತೆ. ಗಾಂಧಿ, ಕೆಂಪೇಗೌಡ, ಜಯಚಾಮರಾಜೇಂದ್ರ ಮೂವರೂ ಎರಡೆರಡು ಅಕ್ಷರದೊಳಗೆ ಅಡಗಿದರು. 'ಎಂಎಲ್‌ಕೆ'ದ್ದೂ ಅದೇ ಕಥೆ. ಕೈಕಂಬ ಅವರು ಹೇಳಿದ 29 ಅಕ್ಷರದ ಲೆಕ್ಕವೇ ಇದಕ್ಕೆ ಅರ್ಧ ಕಾರಣ. ಹೆಸರಿಡುವಾಗಲೇ 'ಕಿಂಗ್' ಅನ್ನುವ ಒಂದು ಪದ ಸಂಕ್ಷೇಪದಲ್ಲೂ ಉಳಿಯುವ ಹಾಗೆ ನೋಡಿಕೊಂಡರೆ ಒಳ್ಳೆಯದು.

ಪಾಲಿಕೆಪುರಾಣ

2021ರ ವಿಷಯ. ಆ ಸಲ ಕೌನ್ಸಿಲ್ ಅಲ್ಲ, ಪಾರ್ಕ್ಸ್ ಬೋರ್ಡೇ ಮುಂದೆ ಬಂತು. ವೋಲ್ಕರ್ ಬುಲೆವಾರ್ಡ್, ಸ್ವೋಪ್ ಪಾರ್ಕ್‌ವೇ, ಬ್ಲೂ ಪಾರ್ಕ್‌ವೇ ಒಂದಕ್ಕೊಂದು ಸೇರಿಕೊಂಡು ಪೂರ್ವ ಪಶ್ಚಿಮವಾಗಿ ಹೋಗುತ್ತವೆ. ಆ ಸಾಲಿನ ಸುಮಾರು 5 ಮೈಲಿಗೆ ಕಿಂಗ್ ಬುಲೆವಾರ್ಡ್ ಅಂತ ಹೆಸರಿಟ್ಟರು. ಕಿಂಗ್ ಹೆಸರಿನ ಒಂದು ಉದ್ಯಾನವೂ ಅದೇ ದಾರಿಯಲ್ಲಿದೆ.

ನಕ್ಷೆ ತೆರೆದು ನೋಡಿದರೆ ಈ ಆಯ್ಕೆಯ ಜಾಣತನ ಕಾಣುತ್ತೆ. ಕಾನ್ಸಾಸ್ ಸಿಟಿಯಲ್ಲಿ ಟ್ರೂಸ್ಟ್ ಅವೆನ್ಯೂ ಅಂದರೆ ಪಶ್ಚಿಮಕ್ಕೆ ಬಿಳಿಯರು, ಪೂರ್ವಕ್ಕೆ ಕಪ್ಪು ಜನ ಅಂತ ದಶಕಗಳ ಕಾಲ ಊರನ್ನು ಸೀಳಿದ ಗೆರೆ. ಪಸೇಯೋ ಆ ಗೆರೆಗೆ ಸಮಾನಾಂತರವಾಗಿ, ಉದ್ದಕ್ಕೂ ಪೂರ್ವದಲ್ಲೇ ಇರುತ್ತೆ. ಹೊಸ ರಸ್ತೆ ಟ್ರೂಸ್ಟನ್ನು ಅಡ್ಡ ದಾಟುತ್ತೆ. ಗಡಿರೇಖೆಯವರು ಆಸ್ಟಿನ್ ಬಗ್ಗೆ ಹೇಳಿದ ಆಕ್ಷೇಪಕ್ಕೆ ಇಲ್ಲಿ ಜಾಗವೇ ಇಲ್ಲ. ಜೊತೆಗೆ ಹಳೆಯ ಮೂರು ಹೆಸರುಗಳಲ್ಲಿ ಯಾವುದೂ ಪಸೇಯೋ ಹಾಗೆ ಊರಿನ ಗುರುತಾಗಿರಲಿಲ್ಲ, ಕಳೆದುಕೊಂಡೆವು ಅಂತ ಬೀದಿಗಿಳಿಯುವವರು ಕಡಿಮೆ.

ನಿಮ್ಮ ಟಿಪ್ಪಣಿಗೆ ಹಂತಗಳ ಕ್ರಮ ಬೇಕಾದರೆ ಹೀಗೆ ಬರೆದುಕೊಳ್ಳಿ. ಮೊದಲು ರಸ್ತೆ ಯಾವ ಸಂಸ್ಥೆಯ ಅಧೀನ ಅಂತ ಖಚಿತ. ಆಮೇಲೆ ವಿಳಾಸಗಳ ಎಣಿಕೆ, ಮಾಲೀಕರು ಬೇರೆ, ಬಾಡಿಗೆದಾರರು ಬೇರೆ, ಅಂಗಡಿ ಬೇರೆ. ಅದೇ ತುರ್ತು ಸೇವಾ ಪ್ರದೇಶದಲ್ಲಿ ಆ ಹೆಸರು ಈಗಾಗಲೇ ಇದೆಯಾ ಅಂತ ಪರೀಕ್ಷೆ. ಪಕ್ಕದ ಊರಲ್ಲಿ ಕಿಂಗ್ ರಸ್ತೆ ಇರುವುದು ಸಾಮಾನ್ಯ, ಆಂಬುಲೆನ್ಸ್ ಅಲ್ಲಿಗೆ ಹೋದರೆ ಗತಿ ಏನು? ನಂತರ ಪ್ರತಿ ವಿಳಾಸಕ್ಕೂ ಪತ್ರ, ಬಹಿರಂಗ ವಿಚಾರಣೆ, ಆಕ್ಷೇಪಗಳಿಗೆ ಲಿಖಿತ ಉತ್ತರ. ಆಮೇಲೆ ಕಾಯ್ದೆ. ಪಾಸಾದ ದಿನಕ್ಕೂ ಜಾರಿಯ ದಿನಕ್ಕೂ ನಡುವೆ ಕೆಲವು ತಿಂಗಳು ಬಿಡಬೇಕು. ಕೊನೆಯದು ಫಲಕ. ಅದನ್ನೂ ಅರ್ಜಿ ಹಾಕಿ ಮತದಾನ ಕೇಳಲು ಕಾನೂನು ಕೊಟ್ಟ ಗಡುವು ಮುಗಿದ ಮೇಲೆ ಅಚ್ಚು ಹಾಕಿಸಿ. ಕಾನ್ಸಾಸ್ ಸಿಟಿಯಲ್ಲಿ ಸಹಿ ಸಂಗ್ರಹ ನಡೆಯುತ್ತಿರುವಾಗಲೇ ಕಂಬಕ್ಕೆ ಫಲಕ ಹತ್ತಿತ್ತು.

ಕೈಕಂಬ

ಕೊನೆಯ ಮಾತಿಗೆ ಒಂದು ಬಾಲ: ಹಳೆಯ ಫಲಕಗಳನ್ನು ತಕ್ಷಣ ಗುಜರಿಗೆ ಹಾಕಬೇಡಿ. ಹೊಸದರ ಕೆಳಗೆ ಕೆಲವು ತಿಂಗಳು ಹಳೆಯದೂ ಇರಲಿ, ದಾರಿ ಹುಡುಕುವವರಿಗೆ ಅನುಕೂಲ. ಇಳಿಸಿದ ಮೇಲೂ ಉಗ್ರಾಣದಲ್ಲಿ ನಂಬರ್ ಹಾಕಿ ಇಟ್ಟರೆ, ಮತದಾರರು ಮನಸ್ಸು ಬದಲಿಸಿದರೆ ಮತ್ತೆ ಮಾಡಿಸುವ ಖರ್ಚು ಉಳಿಯುತ್ತೆ.